ಗೆಸ್ಟಾಪೊ ನೆಲಮಾಳಿಗೆಯಿಂದ ಬಂದ ಹೊಸ ವರ್ಷದ ಹಾರೈಕೆ

(ವರ್ಷಾಂತ್ಯದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಪ್ರಿಯರೇ, ಎಲ್ಲರಿಗೂ ವಂದನೆಗಳು.

ಇನ್ನೇನು ಡಿಸೆಂಬರ್ 31ರ ರಾತ್ರಿ ಬಂದೇ ಬಿಡುತ್ತದೆ. ನಮ್ಮ ಸಭೆಗಳಲ್ಲಿ ಆ ರಾತ್ರಿ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಊಟ ಮುಗಿಸಿ, ಮಕ್ಕಳಿಗೆ ಸ್ವೆಟರ್ ಹಾಕಿಸಿ, ಹತ್ತೂವರೆ ಹನ್ನೊಂದಕ್ಕೆಲ್ಲ ದೇವಾಲಯಕ್ಕೆ ಬರುತ್ತೇವೆ. ಹಾಡು, ಪ್ರಾರ್ಥನೆ, ಆಮೇಲೆ ಸಾಕ್ಷಿ ಹೇಳುವ ಸಮಯ. ಹನ್ನೆರಡು ಹೊಡೆಯುವ ಹೊತ್ತಿಗೆ ಎಲ್ಲರೂ ಮಂಡಿಯೂರಿರುತ್ತೇವೆ. ಗಂಟೆ ಬಾರಿಸುತ್ತಾರೆ. ಕೈಕುಲುಕಿ ಹಾರೈಸುತ್ತೇವೆ, ಕೇಕು ತಿನ್ನುತ್ತೇವೆ. ಹೋಗುವಾಗ ಬಾಗಿಲ ಹತ್ತಿರದ ತಟ್ಟೆಯಿಂದ, ದೇವರ ವಚನ ಬರೆದಿರುವ ಒಂದು ವಾಗ್ದಾನದ ಕಾರ್ಡು ಎತ್ತಿಕೊಂಡು, ದೀಪದ ಕೆಳಗೆ ನಿಂತು ಓದುತ್ತೇವೆ. ಆ ಕಾರ್ಡು ವರ್ಷವಿಡೀ ಸತ್ಯವೇದದ ಒಳಗೆ ಇರುತ್ತದೆ.

ನಾನು ಇವತ್ತು ಮಾತಾಡಬೇಕೆಂದಿರುವುದು ಆ ಸಾಕ್ಷಿಯ ಸಮಯದ ಬಗ್ಗೆ. ಯಾರು ಎದ್ದು ನಿಲ್ಲುತ್ತಾರೆ? ಮನೆ ಕಟ್ಟಿದವರು. ಮಗಳಿಗೆ ಸೀಟು ಸಿಕ್ಕವರು. ವೀಸಾ ಬಂದವರು. ಆಪರೇಷನ್ ಆಗಿ ಚೆನ್ನಾಗಿ ಓಡಾಡುತ್ತಿರುವವರು. ಅವರು ಎದ್ದು ನಿಲ್ಲಲೇಬೇಕು, ದೇವರಿಗೆ ಸ್ತೋತ್ರ ಹೇಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಬೆಂಚಿನಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅಂಥದ್ದೇ ಆಪರೇಷನ್ ಆಗಿ, ಗಂಡ ಮನೆಗೆ ವಾಪಸ್ ಬರಲಿಲ್ಲ. ಇನ್ನೊಬ್ಬರ ಕೆಲಸ ಮಾರ್ಚಿನಲ್ಲಿ ಹೋಯಿತು, ಇನ್ನೂ ಸಿಕ್ಕಿಲ್ಲ. ಮತ್ತೊಬ್ಬರ ಮಗ ಮನೆ ಬಿಟ್ಟು ಹೋದವನು ಫೋನ್ ಎತ್ತುತ್ತಿಲ್ಲ. ಇವರು ತಲೆ ತಗ್ಗಿಸಿ ಕೂತಿರುತ್ತಾರೆ. ನನಗೆ ಹೇಳಿಕೊಳ್ಳಲು ಸಾಕ್ಷಿಯೇ ಇಲ್ಲ, ಬಹುಶಃ ನನ್ನ ನಂಬಿಕೆಯಲ್ಲೇ ಏನೋ ಕೊರತೆ ಅಂದುಕೊಳ್ಳುತ್ತಾರೆ. ಕ್ರಿಸ್ಮಸ್ಸಿಗೆ ಬಂದು 31ಕ್ಕೆ ಬಾರದೆ ಮನೆಯಲ್ಲೇ ಉಳಿಯುವವರು ನನಗೆ ಗೊತ್ತು. ನಿಮಗೂ ಗೊತ್ತಿರಬಹುದು.

ಅವರ ಪರವಾಗಿ ನಾನು ಹೇಳುವುದು ಇಷ್ಟೇ. ದೇವರಲ್ಲಿ ಸಂತೋಷಪಡಲು, ಕಳೆದ ವರ್ಷ ಚೆನ್ನಾಗಿತ್ತು ಅಂತ ಹೇಳಬೇಕಾಗಿಲ್ಲ. ಚೆನ್ನಾಗಿರಲಿಲ್ಲ ಅಂತ ದೇವರ ಮುಂದೆ ನೇರವಾಗಿ ಹೇಳಿದವರೇ ಕೆಲವೊಮ್ಮೆ ಗಟ್ಟಿಯಾದ ಸಂತೋಷದ ಹತ್ತಿರ ಹೋಗಿದ್ದಾರೆ. ಅಂಥ ಒಬ್ಬರ ಕಥೆ ಹೇಳುತ್ತೇನೆ.

ಅವರ ಹೆಸರು ಡೀಟ್ರಿಶ್ ಬಾನ್‌ಹೋಫರ್. ಜರ್ಮನಿಯ ಲೂಥರನ್ ಸಭೆಯ ಪಾದ್ರಿ. ಹುಟ್ಟಿದ್ದು 1906ರಲ್ಲಿ. ತಂದೆ ಬರ್ಲಿನ್ನಿನಲ್ಲಿ ಹೆಸರಾಂತ ಮನೋವೈದ್ಯರು. ನಮ್ಮ ದೇಶದ ಮೇಲೆ ಇವರಿಗೆ ತುಂಬಾ ಆಸೆಯಿತ್ತು. ಗಾಂಧೀಜಿಯವರ ಜೊತೆ ಕೆಲವು ಕಾಲ ಇದ್ದು ಕಲಿಯಬೇಕು ಅಂತ ಪತ್ರ ಬರೆದಿದ್ದರು, ಗಾಂಧೀಜಿಯೂ ಬನ್ನಿ ಅಂತ 1934ರ ನವೆಂಬರಿನಲ್ಲಿ ಉತ್ತರ ಕೊಟ್ಟಿದ್ದರು. ಆದರೆ ಆ ಹೊತ್ತಿಗೆ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಸಭೆಯನ್ನೇ ನುಂಗಲು ಹೊರಟಿತ್ತು. ಹಿಟ್ಲರನಿಗೆ ತಲೆಬಾಗದ ಸಭೆಗಳಿಗೆ ಪಾದ್ರಿಗಳನ್ನು ತಯಾರು ಮಾಡುವ ಕೆಲಸ ಇವರ ಹೆಗಲಿಗೆ ಬಂತು. ಭಾರತಕ್ಕೆ ಬರುವುದು ಹಾಗೇ ನಿಂತುಹೋಯಿತು.

1939ರಲ್ಲಿ ಅಮೆರಿಕಕ್ಕೆ ಹೋಗಿ ಸುರಕ್ಷಿತವಾಗಿ ಉಳಿಯುವ ಅವಕಾಶವಿತ್ತು. ಹೋದರು ಕೂಡ. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಕಷ್ಟದ ಕಾಲದಲ್ಲಿ ನನ್ನ ಜನರ ಜೊತೆ ಇರದಿದ್ದರೆ ಯುದ್ಧ ಮುಗಿದ ಮೇಲೆ ದೇಶ ಕಟ್ಟುವ ಹಕ್ಕು ನನಗಿರುವುದಿಲ್ಲ ಅಂತ ವಾಪಸ್ ಬಂದರು. ಆಮೇಲೆ ಹಿಟ್ಲರನ ವಿರುದ್ಧ ಒಳಗೊಳಗೇ ಕೆಲಸ ಮಾಡುತ್ತಿದ್ದ ಗುಂಪಿಗೆ ಸೇರಿದರು. ಯೆಹೂದಿ ಮೂಲದ ಕೆಲವರನ್ನು ಸ್ವಿಟ್ಜರ್‌ಲೆಂಡಿಗೆ ದಾಟಿಸಿದ ಕೆಲಸದಲ್ಲೂ ಅವರ ಪಾಲಿತ್ತು.

ಈ ನಡುವೆ, 1943ರ ಜನವರಿಯಲ್ಲಿ, ಅವರಿಗೆ ಮರಿಯಾ ಫಾನ್ ವೇಡೆಮೆಯರ್ ಎಂಬ ಹುಡುಗಿಯ ಜೊತೆ ಮದುವೆ ನಿಶ್ಚಯವಾಯಿತು. ಆಕೆಯ ತಂದೆಯೂ ಅಣ್ಣನೂ ಹಿಂದಿನ ವರ್ಷವಷ್ಟೇ ಯುದ್ಧದಲ್ಲಿ ಸತ್ತಿದ್ದರು. ಊರೂರೇ ಉರಿಯುತ್ತಿರುವಾಗ ಮದುವೆಯ ಮಾತು! ಇದು ಲೋಕದ ಕಡೆ ಕಣ್ಣು ಮುಚ್ಚಿಕೊಂಡವರ ಸಂತೋಷವಲ್ಲ. ಯೆರೂಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದಾಗ ಪ್ರವಾದಿ ಯೆರೆಮೀಯ ದುಡ್ಡು ತೂಗಿ ಕೊಟ್ಟು ಹೊಲ ಕೊಂಡ ಕಥೆ ಇದೆಯಲ್ಲ, ಅದನ್ನು ಬಾನ್‌ಹೋಫರ್ ಮತ್ತೆ ಮತ್ತೆ ನೆನೆಯುತ್ತಿದ್ದರು. ಈ ದೇಶದಲ್ಲಿ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಅಂತ ದೇವರು ಆಗ ಹೇಳಿದ್ದು.

ಏಪ್ರಿಲ್ 5ಕ್ಕೆ ಅವರನ್ನು ಬಂಧಿಸಿದರು. ಬರ್ಲಿನ್ನಿನ ಟೇಗೆಲ್ ಜೈಲು. ಮೊದಲ ರಾತ್ರಿ ಕೊಟ್ಟ ಕಂಬಳಿ ಎಷ್ಟು ನಾರುತ್ತಿತ್ತೆಂದರೆ, ಆ ಚಳಿಯಲ್ಲೂ ಹೊದ್ದುಕೊಳ್ಳಲಾಗಲಿಲ್ಲ. ಆ ಮೊದಲ ವಾರಗಳಲ್ಲಿ ಜೀವ ಕಳೆದುಕೊಳ್ಳುವ ಯೋಚನೆಯೂ ಅವರಿಗೆ ಬಂದಿತ್ತು ಎಂಬುದು ಅಲ್ಲಿ ಗೀಚಿಟ್ಟ ಚೀಟಿಗಳಿಂದ ಗೊತ್ತಾಗುತ್ತದೆ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ದೊಡ್ಡ ವಿಶ್ವಾಸಿಗಳ ಕಥೆ ಹೇಳುವಾಗ ಈ ಭಾಗವನ್ನು ನಾವು ಬಿಟ್ಟುಬಿಡುತ್ತೇವೆ. ಆಗ ಕಷ್ಟದಲ್ಲಿರುವವರಿಗೆ ಆ ಕಥೆ ತಮ್ಮದಲ್ಲ ಅನ್ನಿಸಿಬಿಡುತ್ತದೆ. ಒಂದು ವರ್ಷ ಜೈಲಿನಲ್ಲಿ ಕಳೆದ ಮೇಲೂ ಅವರು ಬರೆದುಕೊಂಡರು: ಹೊರಗಿನವರಿಗೆ ನಾನು ಧೈರ್ಯವಂತ ಹಾಗೆ ಕಾಣುತ್ತೇನೆ, ಒಳಗೆ ನಾನು ತಳಮಳಿಸುತ್ತಿದ್ದೇನೆ, ಇವೆರಡರಲ್ಲಿ ನಾನು ಯಾರು? ಆ ಪ್ರಶ್ನೆಗೆ ಅವರು ತಾವೇ ಉತ್ತರ ಹುಡುಕಲು ಹೋಗಲಿಲ್ಲ. ನಾನು ಯಾರೇ ಆಗಿರಲಿ, ದೇವರೇ, ನಾನು ನಿನ್ನವನು ಅಂತ ಮುಗಿಸಿದರು.

ಜೈಲಿನಲ್ಲಿ ಅವರಿಗೆ ಆಸರೆಯಾದದ್ದು ಸತ್ಯವೇದದ ಕೀರ್ತನೆಗಳು ಮತ್ತು ಬಾಯಿಪಾಠವಾಗಿದ್ದ ಹಳೆಯ ಹಾಡುಗಳು. ಅದರಲ್ಲೂ 17ನೇ ಶತಮಾನದ ಪೌಲ್ ಗೆರ್ಹಾರ್ಟರ ಹಾಡುಗಳು. ಆ ಗೆರ್ಹಾರ್ಟ್ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿದ ತಂದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಇದೇ ಜರ್ಮನ್ ಹಾಡಿನ ಪರಂಪರೆಯನ್ನು ನಮ್ಮ ಕನ್ನಡ ಸಭೆಗಳಿಗೂ ತಂದರು. ನಾವು ಇವತ್ತು ಹಾರ್ಮೋನಿಯಂ ಹಿಡಿದು ಹಾಡುವ ಎಷ್ಟೋ ರಾಗಗಳ ಹಿಂದೆ ಯುದ್ಧ, ಪ್ಲೇಗು, ಮಕ್ಕಳ ಸಾವು ಕಂಡ ಮನೆಗಳಿವೆ. ಸುಮ್ನೆ ಸುಖವಾಗಿದ್ದವರು ಬರೆದ ಹಾಡುಗಳಲ್ಲ ಅವು.

ಈಗ 1944ರ ಡಿಸೆಂಬರಿಗೆ ಬರೋಣ. ಆ ವರ್ಷ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಪ್ರಯತ್ನ ಸೋತಿತ್ತು. ಸೆಪ್ಟೆಂಬರಿನಲ್ಲಿ ಗುಂಪಿನ ಗುಟ್ಟಿನ ಕಾಗದಗಳು ಪೊಲೀಸರ ಕೈಗೆ ಸಿಕ್ಕವು. ಅಕ್ಟೋಬರಿನಲ್ಲಿ ಬಾನ್‌ಹೋಫರರನ್ನು ಟೇಗೆಲ್‌ನಿಂದ ತೆಗೆದು, ಪ್ರಿನ್ಸ್ ಆಲ್ಬ್ರೆಕ್ಟ್ ಬೀದಿಯ ಗೆಸ್ಟಾಪೊ ಕಚೇರಿಯ ನೆಲಮಾಳಿಗೆಗೆ ಹಾಕಿದರು. ಗೆಸ್ಟಾಪೊ ಅಂದರೆ ಹಿಟ್ಲರನ ಗುಪ್ತ ಪೊಲೀಸು. ಅಲ್ಲಿಗೆ ಹೋದವರ ಗತಿ ಏನು ಅಂತ ಆ ಊರಿನ ಮಕ್ಕಳಿಗೂ ಗೊತ್ತಿತ್ತು. ಮೇಲಿನ ಮಹಡಿಗಳಲ್ಲಿ ವಿಚಾರಣೆ, ಕೆಳಗೆ ಸಣ್ಣ ಸಣ್ಣ ಕೋಣೆಗಳು. ಟೇಗೆಲ್‌ನಲ್ಲಾದರೂ ಪತ್ರ, ಪುಸ್ತಕ, ಭೇಟಿ ಅಂತ ಏನಾದರೂ ಇತ್ತು. ಇಲ್ಲಿ ಅದೆಲ್ಲ ಬಂದ್. ಆ ನೆಲಮಾಳಿಗೆಯಿಂದ ಅವರು ಬರೆದ ಪತ್ರಗಳಲ್ಲಿ ಉಳಿದಿರುವುದು ಮೂರೇ.

ಮೊದಲನೆಯದು ಡಿಸೆಂಬರ್ 19ರದ್ದು, ಮರಿಯಾಳಿಗೆ ಬರೆದದ್ದು. ಅದರ ಜೊತೆ ಒಂದು ಪದ್ಯ ಇಟ್ಟಿದ್ದರು. ಈ ಕೆಲವು ಸಂಜೆಗಳಲ್ಲಿ ಹೊಳೆದ ಸಾಲುಗಳಿವು, ನಿನಗೆ, ಅಪ್ಪ ಅಮ್ಮನಿಗೆ, ಒಡಹುಟ್ಟಿದವರಿಗೆ ನನ್ನ ಕ್ರಿಸ್ಮಸ್ ಹಾರೈಕೆ ಅಂತ ಬರೆದಿದ್ದರು. ಕೊಡಲು ಅವರ ಹತ್ತಿರ ಬೇರೇನೂ ಇರಲಿಲ್ಲ.

ಆ ಪದ್ಯ ಹೋಗಿ ಸೇರಿದ ಮನೆಯನ್ನು ಸ್ವಲ್ಪ ನೋಡಿ. ಆ ತಾಯಿಯ ಹೆಸರು ಪೌಲಾ. ಡಿಸೆಂಬರ್ 30 ಆಕೆಯ ಹುಟ್ಟುಹಬ್ಬ. ಎಂಟು ಮಕ್ಕಳನ್ನು ಹೆತ್ತಾಕೆ. ಒಬ್ಬ ಮಗ 1918ರಲ್ಲೇ ಯುದ್ಧದಲ್ಲಿ ಸತ್ತಿದ್ದ. ಒಬ್ಬ ಮಗಳು, ಡೀಟ್ರಿಶ್ ಜೊತೆ ಅವಳಿಯಾಗಿ ಹುಟ್ಟಿದವಳು, ಗಂಡ ಯೆಹೂದಿ ಮೂಲದವನಾದ್ದರಿಂದ ದೇಶ ಬಿಟ್ಟು ಇಂಗ್ಲೆಂಡಿನಲ್ಲಿದ್ದಳು. ಈಗ ಡೀಟ್ರಿಶ್ ಗೆಸ್ಟಾಪೊ ಕೈಯಲ್ಲಿ. ಇನ್ನೊಬ್ಬ ಮಗ ಕ್ಲಾಸ್ ಕೂಡ ಜೈಲಿನಲ್ಲಿ. ಅಳಿಯಂದಿರಲ್ಲಿ ಇಬ್ಬರು ಜೈಲಿನಲ್ಲಿ. ಮೊಮ್ಮಗಳ ಗಂಡ ಜೈಲಿನಲ್ಲಿ. ರಾತ್ರಿಯಾದರೆ ತಲೆ ಮೇಲೆ ಬಾಂಬು. ಇಂಥ ಮನೆಯ ಅಜ್ಜಿಗೆ ಯಾರು ಯಾವ ಬಾಯಲ್ಲಿ ಹೊಸ ವರ್ಷದ ಶುಭಾಶಯ ಹೇಳಬೇಕು ಹೇಳಿ?

ಮಗ ಹೇಳಿದ. ಹೇಗೆ ಹೇಳಿದ ಅನ್ನುವುದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ನಾವು ಕಲಿಯಬೇಕಾದ್ದು ಅಲ್ಲೇ ಇದೆ.

ಏಳು ಚರಣದ ಪದ್ಯ ಅದು. ಒಳ್ಳೆಯ ಶಕ್ತಿಗಳು ಸದ್ದಿಲ್ಲದೆ, ಕೈಬಿಡದೆ ನನ್ನನ್ನು ಸುತ್ತುವರಿದಿವೆ, ಈ ದಿನಗಳನ್ನು ನಿಮ್ಮ ಜೊತೆ ಬಾಳಿ ನಿಮ್ಮ ಜೊತೆಯೇ ಹೊಸ ವರ್ಷಕ್ಕೆ ಕಾಲಿಡುತ್ತೇನೆ ಅಂತ ಶುರುವಾಗುತ್ತದೆ. ಎರಡನೇ ಚರಣಕ್ಕೇ ನೋವು ಬರುತ್ತದೆ. ಹಳೆಯ ವರ್ಷ ಇನ್ನೂ ನಮ್ಮ ಎದೆಯನ್ನು ಹಿಂಡುತ್ತಿದೆ, ಕೆಟ್ಟ ದಿನಗಳ ಭಾರ ಇನ್ನೂ ಇಳಿದಿಲ್ಲ, ಬೆದರಿದ ನಮ್ಮ ಜೀವಗಳಿಗೆ ರಕ್ಷಣೆ ಕೊಡು ಕರ್ತನೇ ಅನ್ನುತ್ತಾರೆ. ಮೂರನೆಯದರಲ್ಲಿ ಕಹಿ ಪಾತ್ರೆ. ತುಂಬಿ ತುಳುಕುವ ಕಹಿಯನ್ನೇ ನೀನು ಕೊಟ್ಟರೂ, ನಿನ್ನ ಒಳ್ಳೆಯ ಕೈಯಿಂದ ತೆಗೆದುಕೊಳ್ಳುತ್ತೇವೆ. ಇದು ಗೆತ್ಸೇಮನೆ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆಯ ಮಾತು ಅಂತ ನಿಮಗೆ ಹೊಳೆದಿರಬಹುದು. ಇಷ್ಟಾದ ಮೇಲೆ ನಾಲ್ಕನೆಯದರಲ್ಲಿ ಸಂತೋಷ ಬರುತ್ತದೆ. ಈ ಲೋಕದ ಖುಷಿಯನ್ನೂ ಅದರ ಬಿಸಿಲನ್ನೂ ಇನ್ನೊಮ್ಮೆ ನಮಗೆ ಕೊಡಲು ನಿನಗೆ ಮನಸ್ಸಿದ್ದರೆ, ಕಳೆದದ್ದನ್ನು ಮರೆಯದೆ ನಾವು ಪೂರ್ತಿ ನಿನ್ನವರಾಗಿ ಬಾಳುತ್ತೇವೆ. ಆಮೇಲೆ ಒಂದು ಬೇಡಿಕೆ: ಸಾಧ್ಯವಾದರೆ ನಮ್ಮನ್ನು ಮತ್ತೆ ಒಟ್ಟುಗೂಡಿಸು. ಕೊನೆಯ ಚರಣದಲ್ಲಿ, ಬರುವುದನ್ನು ನಿಶ್ಚಿಂತೆಯಿಂದ ಕಾಯುತ್ತೇವೆ, ಸಂಜೆಯೂ ಬೆಳಿಗ್ಗೆಯೂ ದೇವರು ನಮ್ಮ ಜೊತೆ ಇದ್ದಾನೆ, ಪ್ರತಿಯೊಂದು ಹೊಸ ದಿನವೂ ಖಂಡಿತ ಇರುತ್ತಾನೆ.

ನೋವನ್ನು ಹಾರಿಕೊಂಡು ಹೋಗಿ ಸಂತೋಷ ಮುಟ್ಟುವ ಅವಸರ ಇಲ್ಲಿಲ್ಲ. ಬೆದರಿದ ಜೀವಗಳು ಅಂತ ಒಪ್ಪಿಕೊಳ್ಳುತ್ತಾರೆ. ಕಹಿಗೆ ಕಹಿ ಅಂತಲೇ ಹೆಸರಿಡುತ್ತಾರೆ. ಕೈಯನ್ನು ಮಾತ್ರ ಒಳ್ಳೆಯ ಕೈ ಅನ್ನುತ್ತಾರೆ.

ಆ ಒಳ್ಳೆಯ ಶಕ್ತಿಗಳು ಯಾವುವು ಅನ್ನುವುದಕ್ಕೆ ಪತ್ರದಲ್ಲೇ ಉತ್ತರ ಇದೆ, ನನಗೆ ತುಂಬಾ ಇಷ್ಟವಾದ ಭಾಗ ಅದು. ನನಗೆ ಒಂದು ಕ್ಷಣವೂ ಒಂಟಿ ಅನ್ನಿಸಿಲ್ಲ ಅಂತ ಬರೆಯುತ್ತಾರೆ. ನೀನು, ಅಪ್ಪ ಅಮ್ಮ, ಯುದ್ಧಕ್ಕೆ ಹೋಗಿರುವ ನನ್ನ ಗೆಳೆಯರು, ವಿದ್ಯಾರ್ಥಿಗಳು ಎಲ್ಲರೂ ಇಲ್ಲೇ ಇದ್ದೀರಿ. ನಿಮ್ಮ ಪ್ರಾರ್ಥನೆ, ಓದಿದ ವಚನಗಳು, ಎಂದೋ ಆಡಿದ ಮಾತು, ಒಂದು ರಾಗ, ಒಂದು ಪುಸ್ತಕ, ಎಲ್ಲಕ್ಕೂ ಇಲ್ಲಿ ಹೊಸ ಜೀವ ಬಂದಿದೆ ಅನ್ನುತ್ತಾರೆ. ಮಕ್ಕಳನ್ನು ಮಲಗಿಸುವಾಗ ಹಾಡುವ ಹಾಡನ್ನೂ ನೆನೆಯುತ್ತಾರೆ. ಇಬ್ಬರು ದೇವದೂತರು ಹೊದಿಕೆ ಹೊದಿಸುತ್ತಾರೆ, ಇಬ್ಬರು ಬೆಳಿಗ್ಗೆ ಎಬ್ಬಿಸುತ್ತಾರೆ ಅನ್ನುವ ಹಾಡು. ಕಣ್ಣಿಗೆ ಕಾಣದ ಈ ಕಾವಲು ಮಕ್ಕಳಿಗೆ ಎಷ್ಟು ಬೇಕೋ ದೊಡ್ಡವರಾದ ನಮಗೂ ಇವತ್ತು ಅಷ್ಟೇ ಬೇಕು ಅಂತ ಸೇರಿಸುತ್ತಾರೆ. ಮೂವತ್ತೆಂಟು ವರ್ಷದ ದೇವಶಾಸ್ತ್ರ ಪಂಡಿತ, ದಪ್ಪ ದಪ್ಪ ಪುಸ್ತಕ ಬರೆದವರು, ಕತ್ತಲಲ್ಲಿ ಕೂತು ಹಿಡಿದುಕೊಂಡದ್ದು ಮಕ್ಕಳ ಹಾಡನ್ನು! ಮೊಮ್ಮಕ್ಕಳಿಗೆ ರಾತ್ರಿ ಹಾಡು ಹೇಳಿಕೊಡುವ ಅಜ್ಜಿಯರು ಇಲ್ಲಿ ಇದ್ದೀರಿ. ನೀವು ಹೇಳಿಕೊಡುತ್ತಿರುವುದು ಯಾವ ರಾತ್ರಿಗೆ ಬೇಕಾಗುತ್ತದೋ ಯಾರಿಗೆ ಗೊತ್ತು. ದಯವಿಟ್ಟು ನಿಲ್ಲಿಸಬೇಡಿ.

ಆ ಮೂರು ಪತ್ರಗಳಲ್ಲಿ ಕೊನೆಯದು ಜನವರಿ 17ರದ್ದು, ಅಪ್ಪ ಅಮ್ಮನಿಗೆ. ಆಗ ಜರ್ಮನಿಯಲ್ಲಿ ಸರ್ಕಾರ ಮನೆ ಮನೆಯಿಂದ ಬಟ್ಟೆ ಸಂಗ್ರಹಿಸುತ್ತಿತ್ತು. ನನ್ನ ಬಟ್ಟೆಗಳಲ್ಲಿ ಬೇಕಾದ್ದನ್ನು ಕೊಟ್ಟುಬಿಡಿ, ಯೋಚನೆ ಮಾಡಬೇಡಿ ಅಂತ ಬರೆಯುತ್ತಾರೆ. ಒಬ್ಬ ಮನುಷ್ಯನಿಗೆ ಎಷ್ಟು ಕಡಿಮೆಯಲ್ಲಿ ಬದುಕಲು ಸಾಧ್ಯ ಅನ್ನುವುದನ್ನು ಈ ಎರಡು ವರ್ಷದಲ್ಲಿ ಕಲಿತಿದ್ದೇನೆ ಅನ್ನುತ್ತಾರೆ. ಅದೇ ಪತ್ರದಲ್ಲಿ ಕಾಗದ, ಟೂತ್‌ಪೇಸ್ಟ್, ಪುಸ್ತಕಗಳು ಬೇಕು ಅಂತಲೂ ಕೇಳುತ್ತಾರೆ. ನಾಳೆ ಹಲ್ಲುಜ್ಜಬೇಕಲ್ಲ, ನಾಳೆ ಓದಬೇಕಲ್ಲ! ದೇವರನ್ನು ನಂಬಿದವರ ನಾಳೆ ಹೀಗೂ ಇರುತ್ತದೆ.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲ ನಂಬಿದ ಮನುಷ್ಯನಿಗೆ ಏನಾಯಿತು? ಫೆಬ್ರವರಿಯಲ್ಲಿ ಅವರನ್ನು ಬುಕೆನ್‌ವಾಲ್ಡ್ ಎಂಬ ಹಿಟ್ಲರನ ಸೆರೆ ಶಿಬಿರಕ್ಕೆ ಸಾಗಿಸಿದರು. ಎಲ್ಲಿಗೆ ಅಂತ ಮನೆಯವರಿಗೆ ಹೇಳಲಿಲ್ಲ. ಮರಿಯಾ ಬೆಚ್ಚನೆಯ ಬಟ್ಟೆ ತುಂಬಿದ ಸೂಟ್‌ಕೇಸ್ ಹಿಡಿದು ಹುಡುಕುತ್ತಾ ಹೊರಟಳು. ಫ್ಲೊಸೆನ್‌ಬ್ಯುರ್ಗ್ ಶಿಬಿರದ ತನಕ ಹೋದಳು, ಕೊನೆಯ ಕೆಲವು ಕಿಲೋಮೀಟರ್ ನಡೆದೇ. ಇಲ್ಲಿ ಇಲ್ಲ ಅಂದರು. ಆಗ ಅವರು ಅಲ್ಲಿರಲಿಲ್ಲ, ನಿಜ. ಏಪ್ರಿಲಿನಲ್ಲಿ ಅದೇ ಫ್ಲೊಸೆನ್‌ಬ್ಯುರ್ಗಿಗೆ ತಂದು, 9ನೇ ತಾರೀಕು ಬೆಳಿಗ್ಗೆ ಗಲ್ಲಿಗೆ ಹಾಕಿದರು. ಎರಡು ವಾರ ಕಳೆದು ಅಮೆರಿಕದ ಸೈನ್ಯ ಬಂದು ಆ ಶಿಬಿರವನ್ನು ಬಿಡಿಸಿತು. ಅಣ್ಣ ಕ್ಲಾಸ್, ಆ ಇಬ್ಬರು ಭಾವಂದಿರು, ಅವರನ್ನೂ ಅದೇ ತಿಂಗಳು ಕೊಂದರು. ನಮ್ಮನ್ನು ಒಟ್ಟುಗೂಡಿಸು ಅನ್ನುವ ಬೇಡಿಕೆ ಈ ಲೋಕದಲ್ಲಿ ಈಡೇರಲಿಲ್ಲ.

ಇದನ್ನು ಮುಚ್ಚಿಟ್ಟು ನಾನು ನಂಬಿಕೆಯ ಮಾತಾಡಲಾರೆ. ದೇವರು ಯಾಕೆ ತಪ್ಪಿಸಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನಗೆ ಕಾಣುವುದು ಇಷ್ಟು: ಆ ಪದ್ಯ ಬರೆದಾಗಲೇ ಹೀಗಾಗಬಹುದು ಅಂತ ಅವರಿಗೆ ಗೊತ್ತಿತ್ತು. ಕಹಿ ಪಾತ್ರೆಯ ಚರಣ ಅದಕ್ಕೇ ಅಲ್ಲಿದೆ. ಅವರ ಸಂತೋಷ ಬಿಡುಗಡೆಯ ಮೇಲೆ ನಿಂತಿರಲಿಲ್ಲ. ಹಾಗಾಗಿ ಬಿಡುಗಡೆ ಆಗದಿದ್ದರೂ ಅದು ಬಿದ್ದುಹೋಗಲಿಲ್ಲ. ಸಾಯುವ ಹಿಂದಿನ ದಿನ ಭಾನುವಾರ. ಜೊತೆಯ ಕೈದಿಗಳು ಕೇಳಿಕೊಂಡಿದ್ದಕ್ಕೆ ಒಂದು ಶಾಲೆಯ ಕೋಣೆಯಲ್ಲಿ ಆರಾಧನೆ ನಡೆಸಿಕೊಟ್ಟರು. ಅದು ಮುಗಿಯುತ್ತಿದ್ದಂತೆ ಅವರನ್ನು ಕರೆದೊಯ್ಯಲು ಜನ ಬಂದರು.

ನಮ್ಮ ವಾಗ್ದಾನದ ಕಾರ್ಡುಗಳಿಗೂ ಇದಕ್ಕೂ ಸಂಬಂಧ ಇದೆ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಜಾಸ್ತಿ ಕಾಣುವ ವಚನಗಳಲ್ಲಿ ಯೆರೆಮೀಯ 29:11 ಒಂದು. ನಿಮ್ಮ ಬಗ್ಗೆ ನನಗಿರುವುದು ಹಿತದ ಆಲೋಚನೆ, ಕೇಡಿನದಲ್ಲ ಅಂತ ದೇವರು ಹೇಳುವ ಮಾತು. ಬಾಬೆಲಿಗೆ ಸೆರೆಯಾಗಿ ಹೋದ ಜನರಿಗೆ ಯೆರೆಮೀಯ ಬರೆದ ಪತ್ರದಲ್ಲಿ ಅದು ಬರುತ್ತದೆ. ಅದರ ಹಿಂದಿನ ವಚನವನ್ನು ಮನೆಗೆ ಹೋಗಿ ಓದಿ. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ ಇದೆ. ಎಪ್ಪತ್ತು ವರ್ಷ! ಆ ಪತ್ರವನ್ನು ಮೂವತ್ತರ ವಯಸ್ಸಿನಲ್ಲಿ ಕೇಳಿಸಿಕೊಂಡವರು ಊರಿಗೆ ಮರಳುವ ಆಸೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವರಿಗೆ ದೇವರು ಹೇಳಿದ್ದು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಪರ ಊರಿಗೋಸ್ಕರ ಪ್ರಾರ್ಥಿಸಿ ಅಂತ. ಕಷ್ಟದ ನಡುವೆಯೇ ಹಣ್ಣು ತಿನ್ನುವ ಅಪ್ಪಣೆ ಅದು. ಕಾರ್ಡಿನಲ್ಲಿ ಆ ವಚನ ಬಂದರೆ ಇದನ್ನೂ ಸೇರಿಸಿಯೇ ತೆಗೆದುಕೊಳ್ಳಿ.

ಇನ್ನೊಂದು ಮಾತು ಬಾನ್‌ಹೋಫರರದ್ದೇ. ಬಂಧನಕ್ಕೆ ಮುಂಚೆ, 1942 ಮುಗಿದು 1943 ಶುರುವಾಗುವ ಹೊತ್ತಿನಲ್ಲಿ, ಆಪ್ತರಿಗಾಗಿ ಒಂದು ಲೇಖನ ಬರೆದಿದ್ದರು. ಹಿಟ್ಲರನ ಕಾಲದ ಹತ್ತು ವರ್ಷದಲ್ಲಿ ಏನು ಕಲಿತೆವು ಅನ್ನುವ ಲೆಕ್ಕಾಚಾರ ಅದು. ಅದರ ಒಂದು ಪ್ರತಿಯನ್ನು ತಂದೆಯ ಮನೆಯ ಸೂರಿನ ತೊಲೆಗಳ ನಡುವೆ ಬಚ್ಚಿಟ್ಟಿದ್ದರು. ಅದರಲ್ಲಿ ಹೇಳುತ್ತಾರೆ: ಕಷ್ಟವನ್ನು ಎದುರಿಸಲು ಬೇಕಾದಷ್ಟು ಬಲವನ್ನು ದೇವರು ಕೊಟ್ಟೇ ಕೊಡುತ್ತಾನೆ, ಆದರೆ ಮುಂಗಡವಾಗಿ ಕೊಡುವುದಿಲ್ಲ, ಕೊಟ್ಟರೆ ನಾವು ಆತನನ್ನು ಬಿಟ್ಟು ನಮ್ಮನ್ನೇ ನಂಬಿಕೊಳ್ಳುತ್ತೇವೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದಿನದಿನದ ಆಹಾರವಾಗಿ ಮನ್ನ ಬಿದ್ದದ್ದೂ ಹಾಗೇ ಅಲ್ವಾ? ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಜನವರಿ 1ರಂದು ನಮಗೆ ಹನ್ನೆರಡು ತಿಂಗಳ ಧೈರ್ಯ ಒಟ್ಟಿಗೆ ಬೇಕು ಅನ್ನಿಸುತ್ತದೆ. ಸ್ಕ್ಯಾನ್ ರಿಪೋರ್ಟ್ ಬರುವ ದಿನದ ಧೈರ್ಯ, ಮನೆ ಸಾಲದ ಕಂತಿನ ಧೈರ್ಯ ಎಲ್ಲ ಈಗಲೇ ಕೈಯಲ್ಲಿರಬೇಕು. ಅದು ಸಿಗದಿದ್ದಾಗ, ನನಗೆ ನಂಬಿಕೆಯೇ ಇಲ್ಲ ಅಂತ ಹೆದರುತ್ತೇವೆ. ಹೆದರಬೇಕಾಗಿಲ್ಲ. ಆ ದಿನದ ಧೈರ್ಯ ಆ ದಿನಕ್ಕೆ ಬರುತ್ತದೆ.

ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನದೊಂದು ವಿನಂತಿ. ಈ 31ರ ರಾತ್ರಿ ಸಾಕ್ಷಿಯ ಸಮಯದಲ್ಲಿ ಹತ್ತು ನಿಮಿಷ ಬೇರೆಯಾಗಿ ಎತ್ತಿಡಿ. ಈ ವರ್ಷ ಮನೆಯವರನ್ನು ಕಳೆದುಕೊಂಡವರ, ಕೆಲಸ ಕಳೆದುಕೊಂಡವರ, ಕಾಯಿಲೆ ಇನ್ನೂ ವಾಸಿಯಾಗದವರ ಹೆಸರು ಹೇಳಿ ಪ್ರಾರ್ಥಿಸಿ. ಅವರಲ್ಲಿ ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಮಾತಾಡಲಿ, ಇನ್ನೂ ಉತ್ತರ ಸಿಕ್ಕಿಲ್ಲ ಅಂತ ಹೇಳಿಯೇ ಕೂತುಕೊಳ್ಳಲಿ. ತಕ್ಷಣ ಯಾರೂ ಮೈಕ್ ಹಿಡಿದು ಸಮಾಧಾನ ಹೇಳಲು ಹೋಗಬೇಡಿ. 13ನೇ ಕೀರ್ತನೆಯನ್ನು ಎಲ್ಲರೂ ಸೇರಿ ಓದಿ. ಎರಡೇ ವಚನಗಳಲ್ಲಿ ನಾಲ್ಕು ಸಲ ಇನ್ನೆಷ್ಟು ಕಾಲ ಅಂತ ದೇವರನ್ನು ಕೇಳುವ ಪ್ರಾರ್ಥನೆ ಅದು. ಅದೇ ಬಾಯಿ ಆರನೇ ವಚನಕ್ಕೆ ಹಾಡುತ್ತದೆ. ಹಾಡಲು ಇನ್ನೂ ಆಗದವರಿಗೆ 88ನೇ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿದೆ. ಅವರು ಬೆಂಚಿನಲ್ಲಿ ಕೂತಿರಲಿ, ಪಕ್ಕದವರು ಅವರಿಗಾಗಿ ಹಾಡಲಿ. ಗೆಸ್ಟಾಪೊ ಕೋಣೆಯಲ್ಲಿದ್ದ ಆ ಮನುಷ್ಯನನ್ನೂ ಉಳಿಸಿದ್ದು ಬೇರೆಯವರ ಪ್ರಾರ್ಥನೆ, ಬೇರೆಯವರ ಹಾಡು.

(ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ಕೇಳಿದರು: “ಹಾಗಾದ್ರೆ ನಮ್ಮ ಕಷ್ಟ ತಪ್ಪಿಸು ಅಂತ ಬೇಡಿಕೊಳ್ಳೋದೇ ತಪ್ಪಾ? ಸುಮ್ನೆ ಸಹಿಸಿಕೊಳ್ಳಬೇಕಾ?” ಆಗ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.)

ಖಂಡಿತ ಇಲ್ಲಮ್ಮ. ಬೇಡಿಕೊಳ್ಳಿ. ದಿನಾ ಬೇಡಿಕೊಳ್ಳಿ. ಯೇಸು ಸ್ವಾಮಿಯೇ, ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡರಲ್ಲ. ಬಾನ್‌ಹೋಫರ್ ಕೂಡ ಒಟ್ಟುಗೂಡಿಸು ಅಂತ ಬೇಡಿಕೊಂಡರು, ಜೊತೆಗೆ ಟೂತ್‌ಪೇಸ್ಟನ್ನೂ ಕೇಳಿದರು. ನಿಮ್ಮ ಮಗಳ ಕಾಯಿಲೆ ವಾಸಿಯಾಗಲಿ ಅಂತ ಕೇಳಿ, ಒಳ್ಳೆಯ ಡಾಕ್ಟರಿಗೂ ತೋರಿಸಿ. ನಮ್ಮಲ್ಲಿ ಯಾರಾದರೂ ಆಸ್ಪತ್ರೆಗೆ ಜೊತೆ ಬರಬೇಕು ಅಂದರೆ ಅದನ್ನೂ ಕೇಳಿ. ಇಲ್ಲಿ ಇಷ್ಟು ಜನ ಇದ್ದೇವೆ.